ಸೀನು ಬಾರದ ಹೂವು

ಮುಹರ್ರಕ್‌ನ ಗಲ್ಲಿಯಲ್ಲಿ ವ್ಯಾನು ನಿಲ್ಲಿಸಿ
ಟ್ಯಾಂಕು ಬೆನ್ನಿಗೇರಿಸುವಾಗ ಬೆಳಗಿನ ಏಳು,
ಆಗಲೇ ಮೂವತ್ತಾರು ಡಿಗ್ರಿ.
ಎರಡನೇ ಮಹಡಿ, ಅಡುಗೆಮನೆ, ಜಿರಲೆ.
ಬಾಗಿಲು ತೆರೆದವರು ಮೊದಲು ಕೇಳುವುದು ಅದನ್ನೇ:
"ವಿಷವಾ?"
ಡಬ್ಬಿ ತಿರುಗಿಸಿ ಚಿತ್ರ ತೋರಿಸುತ್ತೇನೆ,
ಬಿಳಿ ಎಸಳು, ನಡುವೆ ಹಳದಿ ಬೊಟ್ಟು.
"ಹೂವು ಮೇಡಂ. ಸೇವಂತಿಗೆ ಜಾತಿ.
ಬೆಕ್ಕನ್ನು ಮಾತ್ರ ಎರಡು ದಿನ ತಂಗಿಯ ಮನೆಗೆ ಕಳಿಸಿ."
ಹೂವು ಬೆಕ್ಕಿಗೇಕಾಗದು ಎಂದು ಆಕೆ ಕೇಳುವ ಮೊದಲೇ
ಮಾಸ್ಕು ಏರಿಸುತ್ತೇನೆ.

ಹೂವಿಲ್ಲ ಇದರಲ್ಲಿ.
ಹೂವಿನೊಳಗಿದ್ದುದನ್ನು ಯಾರೋ ಅಳೆದು, ಬರೆದು,
ಅಲ್ಲೊಂದು ಕೊಂಡಿ ಕಿತ್ತು, ಇಲ್ಲೊಂದು ಜೋಡಿಸಿ
ಹೂವನ್ನು ಆಚೆ ಇಟ್ಟರು.
ಅಸಲಿಯದು ಒಂದು ದಿನದ ಬಿಸಿಲು ತಾಳುತ್ತಿರಲಿಲ್ಲವಂತೆ.
ಇದು ತಾಳುತ್ತದೆ.
ವಾರಗಟ್ಟಲೆ ಗೋಡೆಗೆ ಅಂಟಿಕೊಂಡು
ಹೇಳಿದ ಕೆಲಸ ಮಾಡಿಕೊಂಡಿರುತ್ತದೆ.
ನಮ್ಮ ಫೋರ್‌ಮನ್ ಹಳೇ ಆಳುಗಳನ್ನು ಹೊಗಳುವುದೂ ಹೀಗೇ.

ಜಿರಲೆಗೆ ಏನಾಗುತ್ತದೆ ಗೊತ್ತೇ?
ನರದೊಳಗೊಂದು ಬಾಗಿಲಿದೆ, ತೆರೆದು ಮುಚ್ಚುವಂಥದ್ದು.
ಇದು ಹೋಗಿ ಅಗುಳಿಗೆ ಅಡ್ಡ ನಿಲ್ಲುತ್ತದೆ.
ತೆರೆದದ್ದು ತೆರೆದೇ.
ಅಂಗಾತ ಬಿದ್ದು ಆರೂ ಕಾಲಲ್ಲಿ ಗಾಳಿ ತುಳಿಯುತ್ತದೆ
ಎಲ್ಲಿಗೋ ಹೊರಟ ಹಾಗೆ.

ಜೊತೆಗಾರ ಗಿಚುಕಿ, ಕೀನ್ಯಾದ ಮೊಲೋ ಕಡೆಯವನು.
ಸಿಂಕಿನಡಿ ನಳಿಕೆ ತೂರಿಸುತ್ತಾ ಒಮ್ಮೆ ಹೇಳಿದ:
ಅವನಮ್ಮ ಇದೇ ಹೂ ಬಿಡಿಸುತ್ತಿದ್ದಳು, ಬೆನ್ನಿಗೆ ಬುಟ್ಟಿ.
ಹದಿನೈದು ದಿನಕ್ಕೊಮ್ಮೆ ಕೊಯ್ಲು, ಗೋಣಿಯ ಮೇಲೆ ಹರವಿ ಒಣಗಿಸುವುದು,
ಅಂಗೈಯೆಲ್ಲ ತುರಿಕೆ, ಮನೆ ತುಂಬ ಸೀನು.
ಹೂವಿನ ದುಡ್ಡಲ್ಲಿ ಅಕ್ಕನ ಶಾಲೆ ಮುಗಿಯಿತು.
ಇವನ ಸರದಿ ಬರುವ ಹೊತ್ತಿಗೆ
ಹೂವಿಲ್ಲದೆ ಹೂ ಮಾಡುವುದನ್ನು ಲೋಕ ಕಲಿತಿತ್ತು.
ಲಾರಿ ಬರಲಿಲ್ಲ. ಗೋಣಿಗಳನ್ನು ಆಡಿನ ಕೆಳಗೆ ಹಾಸಿದರು.

"ಸಿಟ್ಟು ಬರಲ್ವಾ?" ಎಂದೆ. ನಮ್ಮಿಬ್ಬರ ಹಿಂದಿ ಅಷ್ಟಕ್ಕಷ್ಟೆ.
ಅವನು ಗ್ಲೌಸು ಬಿಚ್ಚಿ ಮೂಗಿಗೆ ಹಿಡಿದ.
"ಇದಕ್ಕೆ ಸೀನು ಬರಲ್ಲ," ಎಂದ,
ಇಷ್ಟೇ ತಕರಾರು ಎಂಬಂತೆ.

ಆ ಶುಕ್ರವಾರ ಕ್ಯಾಂಪಿನ ಮೆಟ್ಟಿಲಲ್ಲಿ ಕೂತು
ಸ್ಪೀಕರ್ ಹಾಕಿ ಅಮ್ಮನಿಗೆ ಫೋನು ಮಾಡಿದ.
ಅವರ ಮಾತು ನನಗೆ ತಿಳಿಯದು.
ನಡುವೆ ಆ ಕಡೆಯಿಂದ ಒಂದು ಸೀನು, ಹಿಂದೆಯೇ ಇನ್ನೊಂದು.
ಇವನು ಚಂಗನೆ ಎದ್ದು ಏನೋ ಕೇಳಿದ.
ಆಕೆ ನಕ್ಕಳು.

"ಹೂವಾ ಅಂತ ಕೇಳಿದೆ," ಫೋನು ಇಟ್ಟ ಮೇಲೆ ಹೇಳಿದ,
"ಅಲ್ಲವಂತೆ. ಚಳಿ."

ಜುಲೈ. ರಾತ್ರಿ ಹತ್ತಕ್ಕೂ ಮೆಟ್ಟಿಲು ಸುಡುತ್ತಿತ್ತು.
ಚಳಿ ಎಂಬ ಆ ಮಾತನ್ನು ನಾವಿಬ್ಬರೂ
ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡೆವು.