ಹಗುರಾಗಿ ತಿರುಗುವುದು

ಫೋನು ಬಂದಾಗ ಮೂರೂ ಮುಕ್ಕಾಲು.
"ತಿಪ್ಪೇಶಿ, ಭಟ್ಟಿ ಉಸಿರು ಬಿಡ್ತಿಲ್ಲ, ಬಾ."
ಖಮರುನ್‌ಬೀ ಹಲೋ ಅನ್ನುವವಳಲ್ಲ.
ಟೆಸ್ಟರು, ಸ್ಪ್ಯಾನರು, ಎರಡು ಕೆಪಾಸಿಟರು
ಚೀಲಕ್ಕೆ ತುರುಕಿ ಸೈಕಲ್ಲು ಹತ್ತಿದೆ.
ಮಾರ್ಚಿನ ದಾವಣಗೆರೆ
ಆ ಹೊತ್ತಿನಲ್ಲಷ್ಟೇ ತಣ್ಣಗಿರುತ್ತದೆ,
ಹಳೇ ಮಿಲ್ಲಿನ ಕಾಂಪೌಂಡಿನ ಕಲ್ಲೂ
ಹಗಲ ಬಿಸಿಲನ್ನು ಬಿಟ್ಟುಕೊಟ್ಟಿರುತ್ತದೆ.

ಗಲ್ಲಿಯ ಆ ತುದಿಯ ಭಟ್ಟಿಗಳು ಧಗಧಗ.
ಇವಳದೊಂದೇ
ಮುಖ ಊದಿಸಿಕೊಂಡು ಮೂಲೆಯಲ್ಲಿ ಹೊಗೆಯಾಡುತ್ತಿತ್ತು.
ಕಡಾಯಿಯ ಮರಳಿಗೆ ಹಿಡಿ ಅಕ್ಕಿ ಎಸೆದು ತೋರಿಸಿದಳು:
ಅರಳಲಿಲ್ಲ. ಕಂದಿತು, ಅಷ್ಟೆ.
ಜರಡಿ ಹಿಡಿದು ನಿಂತ ಆಳು ಆಕಳಿಸಿದ.

"ಹೊಟ್ಟು ಹಸಿ ಇರಬೇಕು," ಅಂದೆ.
ಮುಷ್ಟಿ ತುಂಬ ತೆಗೆದು ನನ್ನ ಕಿವಿಯ ಹತ್ತಿರ ಉಜ್ಜಿದಳು,
ಗರಿಗರಿ ಸದ್ದು. ಸರಿ, ಹೊಟ್ಟಲ್ಲ.
ಚಿಮಣಿ? ನಿನ್ನೆಯೇ ಗೋಣಿ ಕಟ್ಟಿ ಎಳೆದು ಇಳಿಸಿದ ಮಸಿ
ಆಳಿನ ಕತ್ತಿನ ಮೇಲೆ ಇನ್ನೂ ಇತ್ತು.
ಬೂದಿ? ಸರಳಿನಿಂದ ಕೆಳಗಿನ ಜಾಲರಿ ಕೆದಕಿದೆ,
ಗಾಜಿನಂತೆ ಗಟ್ಟಿಯಾದ ಎರಡೇ ಹೆಂಟೆ.
ಅಷ್ಟಕ್ಕೆಲ್ಲ ಸಾಯುವ ಭಟ್ಟಿಯಲ್ಲ ಇದು,
ಮಣ್ಣಿಗೆ ಬೆಲ್ಲದ ನೀರು ಕಲಸಿ ಅವಳ ಗಂಡ ಕಟ್ಟಿದ್ದು.

ಉಳಿದದ್ದು ನನ್ನ ಇಲಾಖೆ: ಬ್ಲೋವರ್ರು.
ಬೆಲ್ಟು ಬಿಗಿ. ಬೇರಿಂಗು ಬೆಣ್ಣೆ.
ಟಾಂಗ್ ಟೆಸ್ಟರನ್ನು ತಂತಿಗೆ ಕಚ್ಚಿಸಿದರೆ
ದಿನಾ ಆರು ಎಳೆಯೋ ಮೋಟ್ರು
ನಾಲ್ಕೇ ಆಂಪ್ಸ್ ಎಳೆಯುತ್ತಿದೆ.
"ಹೋದ ವರ್ಷ ನಾನೇ ಸುತ್ತಿದ ವೈಂಡಿಂಗು, ನೋಡು,
ಎಷ್ಟು ಹಗುರ ತಿರುಗ್ತೈತಿ," ಅಂದೆ, ಸ್ವಲ್ಪ ಬೀಗಿ.

ಅವಳು ತಲೆ ವಾರೆ ಮಾಡಿ ಕೇಳಿಸಿಕೊಂಡಳು,
ಮೂವತ್ತು ವರ್ಷ ಈ ಸದ್ದಿನ ಪಕ್ಕ ಮಲಗೆದ್ದವಳು.
"ಅದೇ ತಪ್ಪು, ತಿಪ್ಪೇಶಿ.
ಕೆಲಸ ಮಾಡೋನು ಏದುಸಿರು ಬಿಡಬೇಕು.
ಇದು ಖಾಲಿ ಗಾಡಿ ಓಡಿದಂಗೆ ಓಡ್ತೈತಿ.
ಗಾಳಿ ಹೊತ್ತೇ ಇಲ್ಲ ಇದು."

ಕಿವಿ ಬಿಸಿಯಾಯಿತು ನನಗೆ.
ಐಟಿಐಯಲ್ಲಿ ಓದಿದ್ದೆ:
ಗಾಳಿ ಹೊರದ ಫ್ಯಾನು ಕರೆಂಟು ಕಡಿಮೆ ಎಳೆಯುತ್ತದೆ.
ಪರೀಕ್ಷೆಗೆ ಬರೆದು ಅಲ್ಲೇ ಬಿಟ್ಟುಬಂದಿದ್ದೆ.

ಗಾಳಿ ಎಳೆವ ಪೈಪು ಗೋಡೆ ತೂರಿ
ಹಿತ್ತಲ ಮೆಟ್ಟಿಲಡಿ ಬಾಯಿ ಬಿಟ್ಟಿದೆ.
ಮೊಬೈಲಿನ ಬೆಳಕು ಹಿಡಿದು ಅವಳೇ ಬಗ್ಗಿದಳು,
ಮೊಳಕೈವರೆಗೂ ತೂರಿಸಿ
ಎಳೆದಳು: ಒಂದು ಅಕ್ಕಿಚೀಲ.

ನಾಲ್ಕು ಮಡಿಕೆ. ಅಂಚಿಗೆ ಅಂಚು ಕೂಡಿಸಿ,
ಯೂನಿಫಾರ್ಮಿನ ವೇಲು ಮಡಿಸುವ ಹಾಗೆ.
ಮೆಟ್ಟಿಲ ಮೇಲಿನ ಕೋಣೆಯಲ್ಲಿ ದೀಪ,
ಮೊಮ್ಮಗಳು ಇಶ್ರತ್,
ಎರಡನೇ ಪಿಯುಸಿ, ನಾಳೆಯೋ ನಾಡಿದ್ದೋ ಕೆಮಿಸ್ಟ್ರಿ.
ಗುನುಗುತ್ತಿದ್ದ ಸ್ವರ ಥಟ್ಟನೆ ನಿಂತಿತು.

ಅಜ್ಜಿ ಚೀಲ ನೋಡಿದಳು, ಕಿಟಕಿ ನೋಡಿದಳು.
"ಇಲಿ," ಅಂದಳು.
ನಾನೂ ಅಂದೆ: "ಹೌದು, ಈ ಸಲ ಇಲಿ ಭಾಳ."
ಆಳು ಜರಡಿಯ ಹಿಂದೆ ನಗು ಮುಚ್ಚಿಕೊಂಡ.

ಮೋಟ್ರು ಏದತೊಡಗಿತು. ಆರು ಆಂಪ್ಸ್.
ಭಟ್ಟಿಯ ಹೊಟ್ಟೆಯಲ್ಲಿ ಕೆಂಪು ಮೊದಲು, ಆಮೇಲೆ ಹಳದಿ,
ಎಸೆದ ಅಕ್ಕಿ ಮರಳ ಮೇಲೆ ಒಮ್ಮೆಗೇ ಮೈಮುರಿದು
ಬೆಳ್ಳಗೆ ಎದ್ದು ಕೂತಿತು.
ನಲವತ್ತು ರೂಪಾಯಿ, ಒಂದು ಪೊಟ್ಟಣ ಬಿಸಿ ಮಂಡಕ್ಕಿ.
ಮೋಟ್ರು ಬಿಚ್ಚಲೇ ಇಲ್ಲ, ಅಷ್ಟೇ ಸಾಕು ಅಂದಿದ್ದೆ.

ಮಾರನೆಯ ದಿನದಿಂದ
ಆ ಭಟ್ಟಿ ಹತ್ತುವುದು ಆರೂವರೆಗೆ.
ಮಿರ್ಚಿ ಗಾಡಿಯವರು ಬೈಯುತ್ತಾರೆ,
ಬೂಬಮ್ಮನ ಮಂಡಕ್ಕಿ ಯಾಕಿಷ್ಟು ತಡ, ಅಂತ
ನನ್ನ ಅಂಗಡಿಗೇ ಬಂದು ಕೇಳುತ್ತಾರೆ.
ಮೋಟ್ರಿನದೇ ತೊಂದರೆ,
ನನ್ನ ವೈಂಡಿಂಗೇ ಸರಿಯಾಗಿಲ್ಲ ನೋಡ್ರಿ, ಅನ್ನುತ್ತೇನೆ,
ಪರೀಕ್ಷೆ ಮುಗಿಯೋ ತನಕ.