ಕಾಲು ಮಾತ್ರೆ

ಪೀಣ್ಯ ಎರಡನೇ ಹಂತ, ರಾತ್ರಿ ಹತ್ತೂಮುಕ್ಕಾಲು.
ಆಚೆ ಮೆಟ್ರೊ ಹಾದುಹೋದರೆ ತಕ್ಕಡಿಯ ಕೊನೆಯ ಅಂಕಿ
ಎರಡೋ ಮೂರೋ ಎಂದು ಸ್ವಲ್ಪ ಹೊತ್ತು ತಡವರಿಸುತ್ತದೆ.
ಕಾದು, ಇಪ್ಪತ್ತು ಮಾತ್ರೆ ತೂಗಿದೆ, ಅರೆದೆ,
ಒಂದು ಚಿಟಿಕೆ ಕರಗಿಸಿ ಸೋಸಿ ಇಟ್ಟೆ.

ಮಾತ್ರೆ ಎಂದರೆ ನನಗೆ ಮೊದಲು ಸೂರಪ್ಪ ಮೇಷ್ಟ್ರು.
ದಾಸರಹಳ್ಳಿ ಶಾಲೆ, ಎಂಟನೇ ಕ್ಲಾಸು, ತುದಿ ಮುರಿದ ಸ್ಕೇಲು:
ಲಘುವಿಗೆ ಒಂದು, ಗುರುವಿಗೆ ಎರಡು, ಹಾಕು ಪ್ರಸ್ತಾರ.
ತಪ್ಪಿದ ಸಾಲಿನ ಪಕ್ಕ ಕೆಂಪು ಶಾಯಿ.
ಉರ್ದು ಮನೆಯ ಹುಡುಗಿ, ಬೆರಳು ಮಡಿಸಿ ಮಡಿಸಿ
ಅವರ ಹಳಗನ್ನಡ ಎಣಿಸಿದ್ದೆ.
ಆಮೇಲೆ ಬಿ.ಫಾರ್ಮ. ಆಮೇಲೆ ಇದು.

ಪಂಪು ತಳ್ಳುತ್ತದೆ.
ಒಂದು ಗೇಣುದ್ದದ ಉಕ್ಕಿನ ಕೊಳವೆ,
ಒಳಗೆ ರಾಗಿಹಿಟ್ಟಿಗಿಂತ ನುಣ್ಣನೆ ಮರಳು, ಮರಳಿಗೆ ಜಿಡ್ಡಿನ ಮೈ.
ಪ್ಯಾರಸಿಟಮಾಲ್ ನೀರನ್ನು ನೆಚ್ಚಿದ್ದು, ಎಲ್ಲೂ ತಂಗದೆ
ಮೂರನೇ ನಿಮಿಷಕ್ಕೆ ಹೊರಗೆ.
ಡೈಕ್ಲೊಫೆನಾಕ್ ಹಾಗಲ್ಲ.
ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ,
ನಮ್ಮ ಖಾಲಾ ಮದುವೆಮನೆಯಿಂದ ಹೊರಟ ಹಾಗೆ,
ಒಂಬತ್ತಕ್ಕೆ ಬಾಗಿಲಿಗೆ ಬರುತ್ತದೆ.
ಪರದೆಯ ಗೆರೆ ಆಗ ಏಳುತ್ತದೆ, ಇಳಿಯುತ್ತದೆ.
ನಾವು ಅಳೆಯುವುದು ಎತ್ತರವನ್ನಲ್ಲ,
ಅದರ ಅಡಿಯಲ್ಲಿ ಹಿಡಿಸಿದ ಜಾಗವನ್ನು.

ಗಾಜು ತೊಳೆಯುವ ಮುನಿಲಕ್ಷ್ಮಮ್ಮ
ಮೆಟ್ಟಿಲು ಹತ್ತುವುದು ಒಂದೊಂದೇ, ಪ್ರತಿ ಸಲ ಅದೇ ಕಾಲು ಮುಂದೆ.
ಸೆರಗಿನ ಗಂಟಿನಿಂದ ಸ್ಟ್ರಿಪ್ಪು ತೆಗೆದಳು, ಅಂದ್ರಹಳ್ಳಿ ರಸ್ತೆಯ ಅಂಗಡಿಯದು.
"ಮೊದ್ಲೆಲ್ಲ ಒಂದ್ ನುಂಗುದ್ರೆ ಸಂಜೆ ಗಂಟ ತಡೀತಿತ್ತು ತಸ್ಮಿಯಮ್ಮ.
ಈಗ ಮಧ್ಯಾಹ್ನಕ್ಕೇ ಕೈ ಬಿಡ್ತದೆ.
ನಿನ್ ಮಿಸನ್ಗೆ ಹಾಕಿ ನೋಡವ್ವ,
ಮಾತ್ರೆ ಸುಳ್ಳೋ ಮಂಡಿ ಸುಳ್ಳೋ."

ಹಾಕುವಂತಿಲ್ಲ. ಬೇರೆ ಕಂಪನಿಯದು.
ಯಂತ್ರ ಹನಿಹನಿಗೂ ಲೆಕ್ಕ ಬರೆಯುತ್ತದೆ:
ಯಾವ ಹೊತ್ತು, ಯಾರ ಹೆಸರು, ಎಷ್ಟು ಸಲ.
ಅಳಿಸಲು ಬರುವುದಿಲ್ಲ.
ಊಟ ಮಾಡಿ ನುಂಗಿ ಎಂದೆ. ಡಾಕ್ಟರಿಗೆ ತೋರಿಸಿ ಎಂದೆ.
ಹ್ಞೂಂ ಎಂದು ಗಂಟು ಕಟ್ಟಿಕೊಂಡಳು.

ನಮ್ಮ ಬ್ಯಾಚು ಬಂತು. ಪ್ಯಾರಸಿಟಮಾಲ್ ಸರಿ.
ಡೈಕ್ಲೊಫೆನಾಕ್, ಐವತ್ತು ಎಂದು ಲೇಬಲ್ಲು,
ಇರುವುದು ನಲವತ್ತೈದು ಪಾಯಿಂಟ್ ಆರು.
ಫೋನಿನಲ್ಲಿ ಜಯತೀರ್ಥ ಸರ್, ಅರ್ಧ ನಿದ್ದೆ:
"ಸೋಸಿದ್ದು ಸರಿಯಿಲ್ಲವೇನೋ. ಇನ್ನೊಂದು ಸಲ ಹಾಕು.
ಬೆಳಿಗ್ಗೆ ಲಾರಿ ಬರುತ್ತೆ."
ಮತ್ತೆ ಸೋಸಿ ಹಾಕಿದೆ.
ಖಾಲಾ ಮತ್ತೆ ಒಂಬತ್ತಕ್ಕೇ ಹೊರಟಳು,
ಮತ್ತೆ ಅಷ್ಟೇ ಸೊರಗಿ.

ನೋವು: ಗುರು, ಲಘು. ಮೂರು ಮಾತ್ರೆ.
ಮಂಡಿ: ಅದೂ ಮೂರೇ.
ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು
ನಮ್ಮದನ್ನು ನುಂಗುವವರು ಯಾವ ಊರಿನವರೋ,
ದಿನದ ಕೊನೆಗೆ ಅವರ ಲೆಕ್ಕದಲ್ಲಿ
ಒಂದು ಕಾಲು ಮಾತ್ರೆ ಕಮ್ಮಿ.
ವ್ಯಂಜನಕ್ಕೆ ಅರ್ಧ, ಅದಕ್ಕಿಂತ ಸಣ್ಣದು ಕಿವಿಗೆ ಬೀಳದು
ಎನ್ನುತ್ತಿದ್ದರು ಮೇಷ್ಟ್ರು.
ಅವರಿಗಾಗ ಮಂಡಿನೋವು ಇರಲಿಲ್ಲ.

ಇಲ್ಲಿ ಕೆಂಪು ಶಾಯಿ ಬಳಸುವಂತಿಲ್ಲ.
ನೀಲಿಯಲ್ಲೇ ಬರೆದೆ: ೪೫.೬.
ಕೆಳಗೆ ಇನ್ನೊಮ್ಮೆ, ೪೫.೬.
ಹೆಸರು ಪೂರ್ತಿ, ತಸ್ಮಿಯಾ ಬಾನು. ಹೊತ್ತು, ಒಂದೂ ಹತ್ತು.

ಸಿಂಕಿನ ಬಳಿ ಅವಳು ಫ್ಲಾಸ್ಕನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು
ಕಲೆ ಉಳಿದಿದೆಯಾ ಎಂದು ತಿರುಗಿಸಿ ನೋಡುತ್ತಿದ್ದಾಳೆ,
ಭಾರವನ್ನೆಲ್ಲ ಎಡಗಾಲಿಗೆ ಕೊಟ್ಟು.