ಬೂಟು ಬಿಟ್ಟು ಬನ್ನಿ

ಇಲ್ಲೇ ನಿಲ್ಲಿ. ಮುಂದೆ ಬೂಟು ಬೇಡ,
ಕಾಲುಚೀಲದಲ್ಲೇ ನಡೆಯಬೇಕು ಕಲ್ಲಿನ ಮೇಲೆ.
ದಿನಕ್ಕೆರಡು ಸಲ ಹೇಳುತ್ತೇನೆ ಇದನ್ನು ಬೇಸಿಗೆಯುದ್ದಕ್ಕೂ,
ನ್ಯೂಫೌಂಡ್‌ಲ್ಯಾಂಡಿನ ಈ ಕೊನೆಯಲ್ಲಿ, ಮಂಜು ಬಿಟ್ಟ ದಿನ.
ಬಿಡದ ದಿನವೇ ಹೆಚ್ಚು. ಹಿಂದೆ ಹಡಗಿನವರು
ಇದನ್ನು ಮುಂದಿನ ಭೂಶಿರವೆಂದು ಬಗೆದು ತಿರುಗಿಸಿ
ಬಂಡೆಗೆ ಬಡಿದು ಸತ್ತರು. ನಕ್ಷೆಯಲ್ಲೂ ಇದರ ಹೆಸರು
ತಪ್ಪು ತಿಳಿದ ತುದಿ.

ಇವತ್ತು ಬಂದವನು ಒಬ್ಬನೇ, ಹೊರಗಿನವನಲ್ಲ:
ನನ್ನ ಸೋದರಮಾವ ಲಿಯಾಂಡರ್, ಎಪ್ಪತ್ತೊಂಬತ್ತು.
ಕಾಡ್ ಮೀನು ಹಿಡಿಯಬಾರದೆಂದು ಸರ್ಕಾರ ಕಡಲು ಮುಚ್ಚಿದ ಮೇಲೂ
ಅಡುಗೆಮನೆಯಲ್ಲಿ ಕೂತು ಬಲೆ ಹೆಣೆಯುವವನು.
ಹನ್ನೊಂದು ವರ್ಷ ಕರೆದಿದ್ದೆ.
"ನಿನ್ನ ಕಲ್ಲು ನನಗೇನು ಹೇಳೀತು, ಬ್ರೈಡ್?
ಬಲೆ ತಾನಾಗಿ ಹೆಣೆದುಕೊಂಡದ್ದನ್ನು ಕಂಡಿದ್ದೀಯ?"
ಕ್ರಿಸ್‌ಮಸ್ ಊಟದಲ್ಲಿ, ಸಾವಿನ ಮನೆಯಲ್ಲಿ, ಆಲೂಗಡ್ಡೆ ಅಗೆಯುವಾಗ
ಅದೇ ಮಾತು.

ನೋಡು, ಎಂದೆ. ಏನೂ ಕಾಣಲಿಲ್ಲ ಅವನಿಗೆ.
ನೆತ್ತಿಯ ಬಿಸಿಲಿಗೆ ಈ ಕಲ್ಲು ಬಾಯಿ ಬಿಡುವುದಿಲ್ಲ.
ಅಂಚಿನಲ್ಲಿ ಕೂತೆವು. ಫ್ಲಾಸ್ಕಿನ ಚಹಾ, ಒಣದ್ರಾಕ್ಷಿಯ ಬನ್ನು.

ಕೂತಲ್ಲೇ ಕೆಣಕಿದೆ: ಮಾವ, ನಿನ್ನ ಗಂಟಿಗೆ
ಊರಲ್ಲಿ ಯಾರೂ ಹಾಕದ ಇನ್ನೊಂದು ಸುತ್ತು ಇದೆಯಲ್ಲ,
ಅದನ್ನು ಯಾರು ಯೋಚಿಸಿ ಮಾಡಿದ್ದು?
"ಯಾರೂ ಇಲ್ಲ. ಅಜ್ಜನ ಹೆಬ್ಬೆರಳು ರಾಟೆಗೆ ಸಿಕ್ಕಿ ಮುರಿದಿತ್ತು,
ದಾರ ಜಾರುತ್ತಿತ್ತು, ಮತ್ತೊಮ್ಮೆ ಸುತ್ತಿದ.
ಅಪ್ಪ ನೋಡಿ ಕಲಿತ. ಅವನ ಹೆಬ್ಬೆರಳು ಸರಿಯಾಗೇ ಇತ್ತು."
ಗಟ್ಟಿಯೇ ಆ ಗಂಟು?
"ಉಳಿದವರ ಬಲೆ ಹರಿದ ವರ್ಷ ನಮ್ಮದು ಹರಿಯಲಿಲ್ಲ."
ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.
ಕಣ್ಣು ಕಿರಿದು ಮಾಡಿ ನನ್ನತ್ತ ನೋಡಿದ.
"ಆದರೂ ಕೈ ಇತ್ತಲ್ಲೇ," ಎಂದ. "ಮುರಿದದ್ದೋ, ಗಟ್ಟಿಯೋ,
ಕೈ ಅಂತ ಒಂದಿತ್ತು."
ನಾನು ಬನ್ನು ಮುರಿದೆ. ಉತ್ತರ ಇರಲಿಲ್ಲವೆಂದಲ್ಲ;
ತುಟಿಗೆ ಬರುವಷ್ಟರಲ್ಲಿ ಅದು ಚಿಕ್ಕದಾಗಿತ್ತು.

ಏಳರ ಬಿಸಿಲು ಓರೆಯಾಗಿ ಕಲ್ಲನ್ನು ಕೆರೆಯಿತು.
ಎದ್ದವು:
ಗರಿಯಂಥವು, ಕದಿರಿನಂಥವು, ಗೇಣಿನವು, ಮೊಳದವು,
ಟೊಂಗೆಯೊಳಗೆ ಟೊಂಗೆ, ಅದರೊಳಗೆ ಮತ್ತೆ ಅದೇ ಟೊಂಗೆ.
ಬಾಯಿಲ್ಲ, ಹೊಟ್ಟೆಯಿಲ್ಲ, ಕಣ್ಣಂತೂ ಇಲ್ಲ;
ಬೆಳಕೇ ಇಳಿಯದ ಆಳದಲ್ಲಿ ಏನು ನೋಡಲು ಕಣ್ಣು?
ಐವತ್ತಾರು ಕೋಟಿ ವರ್ಷದ ಕೆಳಗೆ ಒಂದು ದಿನ
ಬೂದಿ ಸುರಿದು, ಇದ್ದಲ್ಲೇ ಮುಚ್ಚಿತು.
ಯಾರ ಅಜ್ಜಿ ಇವು, ಯಾರಿಗೂ ಏನೂ ಆಗಬೇಕಿಲ್ಲದವೋ,
ಬಲ್ಲವರು ಇನ್ನೂ ಜಗಳಾಡುತ್ತಾರೆ.

ಮಾವ ಕಡಲಿಗೆ ಬೆನ್ನು ಹಾಕಿ ನಿಂತ,
ಹುಟ್ಟಿದಂದಿನಿಂದ ಹಾಗೆ ನಿಂತವನಲ್ಲ.
ಬಗ್ಗಿ, ಉಸಿರು ಬಿಡುತ್ತ, ಲೇಸು ಬಿಚ್ಚಿದ.
ಕಲ್ಲು ಸವೆಯಬಾರದೆಂದು ನಿಯಮ ಅಷ್ಟೇ, ಎಂದೆ.
"ಉರಿಯುವ ಪೊದೆಯ ಮುಂದೆಯೂ
ನಿಯಮವೇ ಇದ್ದದ್ದು," ಎಂದ.

ಎಡ ಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.
ಗರಿಗಳ ನಡುವೆ ಜಾಗ ಹುಡುಕುತ್ತ ಹೆಜ್ಜೆಯಿಟ್ಟ,
ಸಾಲಾಗಿ ಮಲಗಿದ ಮಕ್ಕಳನ್ನು
ಕತ್ತಲಲ್ಲಿ ದಾಟುವವನ ಹಾಗೆ.
ಅಷ್ಟರಲ್ಲಿ ಮಂಜು ಬಂತು.